ಮನೆಯ ಕಾಫಿಯಂತ್ರ: ಒಂದು ಚಾರಿತ್ರಿಕ ವಿವೇಚನೆ

೧

ಕಾಫಿಯ ಚರಿತ್ರೆಯನ್ನು ಬರೆದವರಲ್ಲಿ ಹೆಚ್ಚಿನವರು ತೋಟದಿಂದ ಹೊರಟು ಬಂದರಿನವರೆಗೂ, ಬಂದರಿನಿಂದ ಹರಾಜುಕಟ್ಟೆಯವರೆಗೂ ಹೋಗಿದ್ದಾರೆ. ಅಡಿಗೆಮನೆಯ ಹೊಸ್ತಿಲನ್ನು ದಾಟಿದವರು ವಿರಳ. ಬಾಬಾಬುಡನರು ಯೆಮನ್ ದೇಶದಿಂದ ತಂದರೆನ್ನಲಾದ ಏಳು ಬೀಜಗಳ ಐತಿಹ್ಯವನ್ನು ಅರಿಯದ ಕನ್ನಡಿಗನಿಲ್ಲ. ಆದರೆ ಆ ಬೀಜವು ಹುರಿದ ಮೇಲೆ ಪುಡಿಯಾದದ್ದು ಯಾರ ಕೈಯಿಂದ, ಯಾವ ಉಪಕರಣದಿಂದ ಎಂಬ ಪ್ರಶ್ನೆಯನ್ನು ನಾವು ಅಷ್ಟಾಗಿ ಕೇಳಿಕೊಂಡಿಲ್ಲ. ಮೇಜಿನ ಅಂಚಿಗೋ ಕಿಟಕಿಯ ಹಲಗೆಗೋ ತಿರುಪಿನಿಂದ ಬಿಗಿದು, ಹಿಡಿಯನ್ನು ಕೈಯಿಂದ ತಿರುಗಿಸುತ್ತಿದ್ದ ಎರಕದ ಕಬ್ಬಿಣದ ಪುಟ್ಟ ಕಾಫಿಯಂತ್ರವು ನಮ್ಮ ಹಿಂದಿನ ಎರಡು ಮೂರು ತಲೆಮಾರುಗಳ ಎಷ್ಟೋ ಮನೆಗಳಲ್ಲಿದ್ದ ವಸ್ತು. ಬೆಲೆಯಲ್ಲಿ ಅಲ್ಪವಾದ ಈ ಸಾಧನವು ಏನನ್ನು ಕಾಪಾಡುತ್ತಿತ್ತು, ಅದು ಅಟ್ಟವನ್ನೇರಿದಾಗ ನಮ್ಮ ಕೈತಪ್ಪಿದ್ದೇನು ಎಂಬುದನ್ನು ವಿವೇಚಿಸುವುದೇ ಪ್ರಕೃತ ಲೇಖನದ ಉದ್ದೇಶ.

ತತ್ತ್ವದ ದೃಷ್ಟಿಯಿಂದ ಈ ಯಂತ್ರ ನಮಗೆ ಹೊಸದಲ್ಲ. ಒಂದು ಕಲ್ಲು ಸ್ಥಿರವಾಗಿದ್ದು ಮತ್ತೊಂದು ಅದರ ಮೇಲೆ ತಿರುಗುವ ನಮ್ಮ ಬೀಸುಕಲ್ಲಿನ ಕ್ರಮವೇ ಇಲ್ಲಿಯದೂ. ಕಲ್ಲಿನ ಸ್ಥಾನದಲ್ಲಿ ಹಲ್ಲುಗಳುಳ್ಳ ಲೋಹ ಬಂದಿದೆ, ಎರಡರ ನಡುವಣ ಅಂತರವನ್ನು ಹೆಚ್ಚು ಕಡಮೆ ಮಾಡಲು ತಿರುಪೊಂದು ಸೇರಿದೆ. ಅರಬ್ಬರ ನಾಡಿನಲ್ಲಿ ಕಾಫಿಯನ್ನು ಮೊದಲು ಕುಟ್ಟುತ್ತಿದ್ದರು. ಮರುಭೂಮಿಯ ಬೆಡೂಯಿನ್ ಜನರಲ್ಲಿ ಮರದ ಒರಳಿನಿಂದೇಳುವ ಲಯಬದ್ಧವಾದ ಸದ್ದೇ ನೆರೆಹೊರೆಯ ಗುಡಾರಗಳಿಗೆ ಆಹ್ವಾನವಾಗುತ್ತಿತ್ತು. ತುರುಕರು ಕೊಳವೆಯಾಕಾರದ ಹಿತ್ತಾಳೆಯ ಕೈಯಂತ್ರವನ್ನು ಬಳಕೆಗೆ ತಂದರು. ಯುರೋಪಿನಲ್ಲಿ ಅದು ಮೊಣಕಾಲುಗಳ ನಡುವೆ ಇಟ್ಟುಕೊಂಡು ತಿರುಗಿಸುವ ಮರದ ಪೆಟ್ಟಿಗೆಯಾಯಿತು; ಪುಡಿ ಕೆಳಗಣ ಪುಟ್ಟ ಸೆಳೆಖಾನೆಯಲ್ಲಿ ಬೀಳುತ್ತಿತ್ತು. ಇಂದು ಮೋಟಾರು ಕಾರುಗಳಿಂದ ಹೆಸರಾಗಿರುವ ಫ್ರಾನ್ಸಿನ ಪ್ಯೂಜೋ ಮನೆತನದವರು ೧೮೪೦ರಲ್ಲಿಯೇ ಕಾಫಿಯಂತ್ರಗಳನ್ನು ತಯಾರಿಸತೊಡಗಿದ್ದರು. ೧೮೫೬ರಲ್ಲಿ ಸ್ಥಾಪಿತವಾದ ಲಂಡನ್ನಿನ ಸ್ಪಾಂಗ್ ಸಂಸ್ಥೆಯವರು ಮೇಜಿಗೆ ಬಿಗಿಯುವ ಕಬ್ಬಿಣದ ಮಾದರಿಯನ್ನು ಮಧ್ಯಮವರ್ಗದ ಮನೆಗಳಿಗೆ ಒದಗಿಸಿದರು. ನಮ್ಮ ಕಡೆ ಬಳಕೆಯಲ್ಲಿದ್ದುದು ಬಹುಮಟ್ಟಿಗೆ ಈ ಮಾದರಿಯದೇ.

ಮನೆಯೊಳಗೆ ಹುರಿದು ಬೀಸುವ ಕೆಲಸವು ಅಧಿಕಾರದ ಕಣ್ಣಿಗೆ ಬಿದ್ದ ಪ್ರಸಂಗವೂ ಉಂಟು. ೧೭೮೧ರಲ್ಲಿ ಪ್ರಷ್ಯದ ದೊರೆ ಎರಡನೆಯ ಫ್ರೆಡರಿಕನು, ಕಾಫಿಗಾಗಿ ದೇಶದ ಹಣ ಹೊರಗೆ ಹರಿಯುವುದನ್ನು ತಡೆಯಲೆಂದು, ಕಾಫಿ ಹುರಿಯುವ ಹಕ್ಕನ್ನು ರಾಜಸ್ವಾಮ್ಯಕ್ಕೆ ಸೇರಿಸಿದನು. ಬೀದಿಬೀದಿ ಅಲೆದು ಹುರಿಯುವ ವಾಸನೆಯನ್ನು ಪತ್ತೆಮಾಡಲು ನಿವೃತ್ತ ಸೈನಿಕರನ್ನು ನೇಮಿಸಿದನು. ಬೀಜದಿಂದ ಪುಡಿಯವರೆಗಿನ ಹಾದಿ ಯಾರ ವಶದಲ್ಲಿರಬೇಕೆಂಬುದು ಅಡಿಗೆಯ ಪ್ರಶ್ನೆಯಷ್ಟೇ ಆಗಿರಲಿಲ್ಲವೆಂಬುದಕ್ಕೆ ಇದು ಸಾಕಷ್ಟು ನಿದರ್ಶನ.

೨

ಕನ್ನಡನಾಡಿನಲ್ಲಿ ಕಾಫಿಯ ಬೆಳೆ ಹಳೆಯದು. ಕಾಫಿಯ ಬಳಕೆ ಅಷ್ಟು ಹಳೆಯದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಮಲೆನಾಡಿನಲ್ಲಿಯೂ ಕೊಡಗಿನಲ್ಲಿಯೂ ಹಬ್ಬಿದ ತೋಟಗಳ ಫಸಲು ಪ್ರಧಾನವಾಗಿ ಕಡಲಾಚೆಯ ಪೇಟೆಗೆ ಮೀಸಲಾಗಿತ್ತು. ೧೯೩೦ರ ದಶಕದ ಆರ್ಥಿಕ ಕುಸಿತದಲ್ಲಿ ಹೊರಗಿನ ಬೆಲೆ ಬಿದ್ದಾಗ ಒಳನಾಡಿನಲ್ಲಿ ಕುಡಿಯುವವರನ್ನು ಹೆಚ್ಚಿಸುವ ಪ್ರಯತ್ನ ಆರಂಭವಾಯಿತು. ೧೯೩೫ರಲ್ಲಿ ಕಾಫಿ ಸೆಸ್ ಸಮಿತಿ ಏರ್ಪಟ್ಟಿತು. ಮರುವರ್ಷ ಮುಂಬಯಿಯ ಚರ್ಚ್‌ಗೇಟಿನಲ್ಲಿ ಮೊದಲ ಇಂಡಿಯಾ ಕಾಫಿ ಹೌಸ್ ತೆರೆಯಿತು. ಎರಡನೆಯ ಮಹಾಯುದ್ಧದಲ್ಲಿ ಯುರೋಪಿನ ಪೇಟೆಗಳು ಮುಚ್ಚಿಹೋದಾಗ ೧೯೪೨ರ ಕಾಯಿದೆಯ ಮೂಲಕ ಕಾಫಿ ಮಂಡಳಿಗೆ ಮಾರಾಟದ ಅಧಿಕಾರ ಬಂದಿತು. ಬೆಳೆಗಾರನು ಮನೆಬಳಕೆಗೆ ಬಿಟ್ಟುಕೊಂಡ ಸ್ವಲ್ಪವನ್ನುಳಿದು ಎಲ್ಲವನ್ನೂ ಮಂಡಳಿಯ ಸಂಗ್ರಹಕ್ಕೆ ಒಪ್ಪಿಸುವ ಆ ವ್ಯವಸ್ಥೆ ಬಹುಕಾಲ ನಡೆದು, ೧೯೯೦ರ ದಶಕದಲ್ಲಿ ಹಂತಹಂತವಾಗಿ ಸಡಿಲಗೊಂಡು ೧೯೯೬ರಲ್ಲಿ ಕೊನೆಗೊಂಡಿತು.

ಕಾಫಿ ಒಳನಾಡಿನ ಮನೆಗಳನ್ನು ಪ್ರವೇಶಿಸಿದ ಈ ಕಾಲದಲ್ಲಿಯೇ ಕನ್ನಡಿಗರು ಗುಮಾಸ್ತಗಿರಿ, ಹೋಟೆಲು, ಬ್ಯಾಂಕು, ರೈಲ್ವೆಗಳ ಆಶ್ರಯದಲ್ಲಿ ಮುಂಬಯಿ, ಪುಣೆ, ದೆಹಲಿಗಳಿಗೆ ಗುಳೆಹೊರಟರು. ಹೊರನಾಡಿನ ಕನ್ನಡಿಗನಿಗೆ ಕಾಫಿಯಂತ್ರವು ಏಕೆ ಬೇಕಾಯಿತೆಂಬುದನ್ನು ಇಲ್ಲಿ ಗಮನಿಸಬೇಕು. ಹಸಿಯ ಬೀಜ ತಿಂಗಳುಗಟ್ಟಲೆ ಕೆಡದೆ ಇರುತ್ತದೆ. ಹುರಿದ ಬೀಜ ಕೆಲವು ವಾರ ಬಾಳುತ್ತದೆ. ಪುಡಿಯ ಪರಿಮಳ ಕೆಲವೇ ದಿನಗಳಲ್ಲಿ ಇಳಿಮುಖವಾಗುತ್ತದೆ. ಹುರಿಯುವಾಗ ಬೀಜದೊಳಗೆ ಹುಟ್ಟಿದ ಅನಿಲವೂ ಸುಗಂಧದ್ರವ್ಯಗಳೂ ಅದರ ಒಡಲಲ್ಲಿಯೇ ಸೆರೆಯಾಗಿರುತ್ತವೆ. ಬೀಜ ಒಡೆದೊಡನೆ ಗಾಳಿ ತಗಲುವ ಮೈ ಬಹುಪಾಲು ಹೆಚ್ಚಿ ಅವು ಹಾರಿಹೋಗುತ್ತವೆ. ಆದುದರಿಂದ ದೂರದೂರಿಗೆ ಹೋಗುವವನಿಗೆ ಪುಡಿಯ ಪೊಟ್ಟಣಕ್ಕಿಂತ ಬೀಜದ ಗಂಟೇ ಲೇಸು. ರಜೆಗೆ ಊರಿಗೆ ಹೋದವರ ಟ್ರಂಕಿನಲ್ಲಿ ಉಪ್ಪಿನಕಾಯಿಯ ಭರಣಿಯ ಪಕ್ಕದಲ್ಲಿ ಕಾಫಿಬೀಜದ ಗಂಟಿಗೂ ಸ್ಥಳವಿರುತ್ತಿದ್ದುದು ಈ ಕಾರಣದಿಂದ. ಆ ಗಂಟು ಚಾಳಿನ ಒಂದೇ ಕೋಣೆಯಲ್ಲಿ ಬಿಚ್ಚಿಕೊಳ್ಳಬೇಕಾದರೆ ಯಂತ್ರವೂ ಆ ಕೋಣೆಯಲ್ಲಿರಬೇಕು. ಬೀಸುಕಲ್ಲಿಗೆ ನೆಲ ಬೇಕು. ಈ ಯಂತ್ರಕ್ಕೆ ಒಂದು ಹಲಗೆಯ ಅಂಚು ಸಾಕು.

೩

ಪರಿಮಳಕ್ಕಿಂತಲೂ ಗುರುತರವಾದ ವಿಷಯ ಇನ್ನೊಂದಿದೆ: ನಂಬಿಕೆ. ಬ್ಯಾಂಕಿನ ವ್ಯವಹಾರದಲ್ಲಿ ಬಹುಕಾಲ ಕಳೆದ ಈ ಲೇಖಕನಿಗೆ ಬೀಜವು ನಾಣ್ಯದಂತೆಯೂ ಪುಡಿಯು ಹುಂಡಿಯಂತೆಯೂ ತೋರುತ್ತದೆ. ನಾಣ್ಯವನ್ನು ಹಿಡಿದವನು ಅದನ್ನು ಕಣ್ಣಿನಿಂದ ನೋಡಿ, ಬಡಿದು, ತೂಗಿ ಪರೀಕ್ಷಿಸಬಲ್ಲನು. ಹುಂಡಿಯನ್ನು ಹಿಡಿದವನು ಬರೆದುಕೊಟ್ಟವನ ಮಾತನ್ನು ನಂಬಬೇಕು. ಬೀಜದಲ್ಲಿ ಪೀಬರಿ ಯಾವುದು, ಹುಳು ಕೊರೆದದ್ದು ಯಾವುದು, ಒಡೆದದ್ದು ಎಷ್ಟು ಎಂಬುದನ್ನು ಮೊರದಲ್ಲಿ ಹರಡಿದ ಗೃಹಿಣಿ ಕ್ಷಣಮಾತ್ರದಲ್ಲಿ ಹೇಳಬಲ್ಲಳು. ಪುಡಿಯಾದ ಮೇಲೆ ಸುಟ್ಟ ಹುಣಿಸೆಬೀಜವೂ ಖರ್ಜೂರದ ಬೀಜವೂ ಉತ್ತಮ ಅರೇಬಿಕಾದ ಬಣ್ಣವನ್ನೇ ತಾಳಬಲ್ಲವು.

ಚಿಕೋರಿಯ ವಿಷಯದಲ್ಲಿ ಮಾತ್ರ ವಿವೇಚನೆ ಅಗತ್ಯ. ನೆಪೋಲಿಯನ್ನನ ಕಾಲದಲ್ಲಿ, ೧೮೦೬ರಿಂದ ಬ್ರಿಟಿಷ್ ವ್ಯಾಪಾರಕ್ಕೆ ಯುರೋಪಿನ ಬಂದರುಗಳು ಮುಚ್ಚಿದಾಗ, ಕಾಫಿಯ ಕೊರತೆಯನ್ನು ತುಂಬಲು ಈ ಬೇರಿನ ಪುಡಿ ಫ್ರಾನ್ಸಿನಲ್ಲಿ ವಿಶೇಷ ಪ್ರಚಾರಕ್ಕೆ ಬಂದಿತು. ನಮ್ಮಲ್ಲಿ ಅನೇಕರು ಅದನ್ನು ಡಿಕಾಕ್ಷನ್ನಿನ ಬಣ್ಣಕ್ಕೂ ಗಟ್ಟಿತನಕ್ಕೂ ಮನಸಾರೆ ಬಯಸುತ್ತಾರೆ. ಅದನ್ನು ಬೆರೆಸುವುದು ತಪ್ಪಲ್ಲ, ತಿಳಿಸದೆ ಬೆರೆಸುವುದು ತಪ್ಪು. ಮನೆಯಲ್ಲಿ ಬೀಸುವವರು ಚಿಕೋರಿಯನ್ನು ಬೇರೆಯಾಗಿ ಕೊಂಡು ತಮಗೆ ಬೇಕಾದಷ್ಟನ್ನು ತಾವೇ ಬೆರೆಸುತ್ತಿದ್ದರು. ಪ್ರಮಾಣವನ್ನು ನಿರ್ಣಯಿಸುವ ಅಧಿಕಾರ ಅವರಲ್ಲಿತ್ತು. ಪುಡಿ ಅಂಗಡಿಯಿಂದಲೂ ಕಾರ್ಖಾನೆಯಿಂದಲೂ ಬರತೊಡಗಿದ ಮೇಲೆ ಆ ಅಧಿಕಾರವನ್ನು ಶಾಸನವು ವಹಿಸಿಕೊಳ್ಳಬೇಕಾಯಿತು. ೧೯೫೪ರಲ್ಲಿ ಆಹಾರ ಕಲಬೆರಕೆ ನಿಷೇಧ ಕಾಯಿದೆಯೂ, ಅದರ ಸ್ಥಾನದಲ್ಲಿ ೨೦೦೬ರ ಆಹಾರ ಸುರಕ್ಷತೆಯ ಕಾಯಿದೆಯೂ ಬಂದುವು. ಮಿಶ್ರಣದಲ್ಲಿ ಕಾಫಿ ನೂರಕ್ಕೆ ೫೧ಕ್ಕೆ ಕಡಮೆಯಿರಕೂಡದೆಂದೂ, ಚಿಕೋರಿಯ ಪ್ರಮಾಣವನ್ನು ಪೊಟ್ಟಣದ ಮೇಲೆ ಕಾಣಿಸಬೇಕೆಂದೂ ನಿಯಮವಿದೆ. ಸಂದೇಹವಿರುವವರು ಗಾಜಿನ ಲೋಟದ ನೀರಿನ ಮೇಲೆ ಚಿಟಿಕೆ ಪುಡಿಯನ್ನು ಉದುರಿಸಿ ನೋಡಬಹುದು: ಕಾಫಿ ಬಹುಮಟ್ಟಿಗೆ ತೇಲುತ್ತದೆ, ಚಿಕೋರಿ ಬಣ್ಣದ ಎಳೆಯನ್ನು ಬಿಡುತ್ತ ಮುಳುಗುತ್ತದೆ. ಕಾಯಿದೆ ಬೇಕು, ನಿಜ. ಆದರೆ ಹಿಂದೆ ಹಲಗೆಯ ಅಂಚಿನಲ್ಲಿ ತೀರ್ಮಾನವಾಗುತ್ತಿದ್ದ ವಿಷಯ ಈಗ ಪ್ರಯೋಗಶಾಲೆಯವರೆಗೆ ಹೋಗಬೇಕಾಗಿದೆ.

೪

ಅಗ್ಗದ ಯಂತ್ರಕ್ಕೆ ಅದರದೇ ಆದ ದೋಷಗಳುಂಟು. ತಿರುಗುವ ದಂಡ ಸ್ವಲ್ಪ ಓಲಾಡುವುದರಿಂದ ಹಲ್ಲುಗಳ ನಡುವಣ ಅಂತರ ಒಂದೇ ಸಮನಾಗಿರುವುದಿಲ್ಲ. ಹಿಟ್ಟಿನಂಥ ನುಣುಪೂ ರವೆಯಂಥ ತರಿಯೂ ಒಟ್ಟಿಗೆ ಬೀಳುತ್ತವೆ. ನುಣುಪು ಹೆಚ್ಚಾದರೆ ಫಿಲ್ಟರಿನ ರಂಧ್ರ ಕಟ್ಟಿ ಡಿಕಾಕ್ಷನ್ ಇಳಿಯದು, ಇಳಿದರೂ ಕಹಿ. ತರಿ ಹೆಚ್ಚಾದರೆ ನೀರು ಸರಸರನೆ ಇಳಿದು ಸಾರ ಉಳಿದುಬಿಡುತ್ತದೆ. ಬಳಸಿದವರು ಇದಕ್ಕೆ ಉಪಾಯವನ್ನೂ ಕಂಡುಕೊಂಡಿದ್ದರು. ಹುರಿದ ಬೀಜವನ್ನು ಪೂರ್ಣ ಆರಲು ಬಿಡುವುದು, ಹಿಡಿಯನ್ನು ಅವಸರವಿಲ್ಲದೆ ಒಂದೇ ವೇಗದಲ್ಲಿ ತಿರುಗಿಸುವುದು, ತಿರುಪನ್ನು ತಮ್ಮ ಫಿಲ್ಟರಿಗೆ ಹೊಂದುವಲ್ಲಿ ನಿಲ್ಲಿಸಿ ಮತ್ತೆ ಕದಲಿಸದಿರುವುದು, ಒಳಗನ್ನು ನೀರಿನಿಂದ ತೊಳೆಯದೆ ಒಣ ಕುಂಚದಿಂದ ಒರೆಸುವುದು, ಎಂದಿಗೂ ಮೆಣಸು ಕೊತ್ತಂಬರಿಗಳನ್ನು ಅದರಲ್ಲಿ ಹಾಕದಿರುವುದು. ಇಷ್ಟನ್ನು ಪಾಲಿಸಿದರೆ ಅಗ್ಗದ ಯಂತ್ರವೂ ನಮ್ಮ ಫಿಲ್ಟರಿಗೆ ಸಾಕಾಗುವ ಪುಡಿಯನ್ನು ಕೊಡುತ್ತದೆ. ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ, ಒಮ್ಮೆ ಹೂಡಿದ ಸಣ್ಣ ಬಂಡವಾಳ ಹತ್ತಾರು ವರ್ಷ ಫಲ ಕೊಡುವ ಬಾಬು ಇದು.

ಆದರೆ ಆ ಲೆಕ್ಕದಲ್ಲಿ ಸೇರದ ಖರ್ಚೊಂದಿತ್ತು. ಹಿಡಿಯನ್ನು ತಿರುಗಿಸಿದವರು ಯಾರು? ಮನೆಯ ಹೆಂಗಸರು, ಅವರು ಕರೆದಾಗ ಮಕ್ಕಳು. ಪರಿಮಳವನ್ನು ಹೊಗಳಿದವರು ಪತ್ರಿಕೆ ಹಿಡಿದು ಕುಳಿತ ಗಂಡಸರು. ಆರ್. ಕೆ. ನಾರಾಯಣರು ತಮ್ಮ ತಾಯಿಯ ಕಾಫಿಯ ಕಟ್ಟುನಿಟ್ಟನ್ನು ಕುರಿತು ಪ್ರಬಂಧದಲ್ಲಿ ಬರೆದು ಆ ಶ್ರದ್ಧೆಗೆ ಸಾಹಿತ್ಯದಲ್ಲಿ ಸ್ಥಾನವನ್ನು ದೊರಕಿಸಿದರು. ಅಂಥ ಎಷ್ಟೋ ತಾಯಂದಿರ ಶ್ರಮ ದಾಖಲೆಯಿಲ್ಲದೆ ಹೋಯಿತು. ಬೀಸುಕಲ್ಲಿನ ಮುಂದೆ ಕುಳಿತವರು ಹಾಡು ಕಟ್ಟಿದರು. ನಮ್ಮ ಜಾನಪದ ವಿದ್ವಾಂಸರು ಅವನ್ನು ಸಂಗ್ರಹಿಸಿದರು. ಹತ್ತು ನಿಮಿಷದಲ್ಲಿ ಮುಗಿಯುವ ಕಾಫಿಯಂತ್ರದ ಕೆಲಸಕ್ಕೆ ಆ ಭಾಗ್ಯವಿಲ್ಲ. ೧೯೬೩ರಲ್ಲಿ ಮುಂಬಯಿಯಲ್ಲಿ ಎಂಜಿನಿಯರ್ ಸತ್ಯಪ್ರಕಾಶ ಮಾಥುರರು ಭಾರತೀಯ ಅಡಿಗೆಗೆ ತಕ್ಕಂತೆ ರೂಪಿಸಿದ ಸುಮೀತ್ ಮಿಕ್ಸಿ ಬಂದಾಗ ಗೃಹಿಣಿಯರು ಅದನ್ನು ಸ್ವಾಗತಿಸಿದುದರಲ್ಲಿ ಆಶ್ಚರ್ಯವಿಲ್ಲ. ಮಿಕ್ಸಿಯ ಅಲಗು ಬೀಜವನ್ನು ಬೀಸುವುದಿಲ್ಲ, ಕತ್ತರಿಸಿ ಚೂರುಮಾಡುತ್ತದೆ. ಹೆಚ್ಚು ಹೊತ್ತು ಓಡಿಸಿದರೆ ಪುಡಿ ಬಿಸಿಯೇರುತ್ತದೆ. ಆದರೂ ತೋಳಿನ ನೋವನ್ನು ಅದು ನೀಗಿಸಿತು. ಕಣ್ಣೆದುರಿಗೇ ಬೀಜವನ್ನು ಬೀಸಿಕೊಡುವ ಮಾಟುಂಗದಂಥ ಕೇರಿಗಳ ಅಂಗಡಿಗಳು ನಂಬಿಕೆಯನ್ನೂ ಸೌಕರ್ಯವನ್ನೂ ಒಂದುಮಟ್ಟಿಗೆ ಕೂಡಿಸಿದುವು. ಹಳೆಯ ಯಂತ್ರವನ್ನು ಕೊಂಡಾಡುವ ಭರದಲ್ಲಿ ಈ ಬಿಡುಗಡೆಯನ್ನು ಹಳಿಯುವುದು ನ್ಯಾಯವಾಗದು.

೫

ಈಚಿನ ವರ್ಷಗಳಲ್ಲಿ ಕೈಯಂತ್ರ ಮರಳಿ ಬಂದಿದೆ. ಉಕ್ಕಿನ ಕೊಳವೆಯೊಳಗೆ ಪಿಂಗಾಣಿಯ ಶಂಕುವುಳ್ಳ ಅಗ್ಗದ ಮಾದರಿಗಳು ಪೇಟೆಯಲ್ಲಿ ಸುಲಭವಾಗಿ ದೊರೆಯುತ್ತವೆ. ಆಕಾರದಲ್ಲಿ ಅವು ತುರುಕರ ಹಿತ್ತಾಳೆಯ ಕೊಳವೆಯನ್ನೇ ನೆನಪಿಗೆ ತರುತ್ತವೆ. ತಿರುಗಿಸುವವರು ಈ ಸಲ ಹೆಚ್ಚಾಗಿ ಉದ್ಯೋಗದಲ್ಲಿರುವ ತರುಣ ತರುಣಿಯರು, ಅದೂ ತಮ್ಮ ಇಚ್ಛೆಯಿಂದ. ದೇಶದ ಕಾಫಿಯಲ್ಲಿ ಹತ್ತರಲ್ಲಿ ಏಳು ಪಾಲನ್ನು ಬೆಳೆಯುವ ಕರ್ನಾಟಕದ ತೋಟಗಳಲ್ಲಿ ಕೆಲವು ತಮ್ಮ ಹೆಸರಿನಲ್ಲಿಯೇ ಹುರಿದ ಬೀಜವನ್ನು ದೂರದ ನಗರಗಳಿಗೆ ಕಳುಹಿಸುತ್ತಿವೆ. ಎಲ್ಲ ಬೆಳೆಯೂ ಒಂದೇ ಸಂಗ್ರಹದಲ್ಲಿ ಬೆರೆಯುತ್ತಿದ್ದ ಕಾಲದಲ್ಲಿ ಇದು ಸಾಧ್ಯವಿರಲಿಲ್ಲ. ಬೀಜ ಯಾವ ತೋಟದ್ದೆಂಬುದನ್ನು ಕೇಳುವ ಅಧಿಕಾರ ಕುಡಿಯುವವನಿಗೆ ಹೀಗೆ ಮತ್ತೆ ದೊರೆತಿದೆ.

ಹಳೆಯ ಕಬ್ಬಿಣದ ಯಂತ್ರಗಳಾದರೋ ಹೊರನಾಡಿನ ನಮ್ಮ ಮನೆಗಳಿಂದ ಒಂದೊಂದಾಗಿ ಗುಜರಿಯವನ ತಕ್ಕಡಿಗೆ ಹೋಗುತ್ತಿವೆ. ಶಾಸನ, ಹಸ್ತಪ್ರತಿಗಳನ್ನು ರಕ್ಷಿಸಬೇಕೆಂಬ ಅರಿವು ನಮ್ಮಲ್ಲಿ ಬೇರೂರಿದೆ. ಗೃಹೋಪಕರಣಗಳೂ ದಾಖಲೆಗಳೆಂಬ ಅರಿವು ಇನ್ನೂ ಬೇರೂರಿಲ್ಲ. ಕನ್ನಡ ಸಂಘಗಳು ತಮ್ಮ ಸದಸ್ಯರ ಮನೆಗಳಲ್ಲಿ ಉಳಿದಿರುವ ಯಂತ್ರಗಳನ್ನು ಪಟ್ಟಿಮಾಡಿ, ಅವುಗಳ ಮೇಲಣ ಎರಕದ ಗುರುತುಗಳನ್ನು ಬರೆದಿಟ್ಟು, ಎಲ್ಲಕ್ಕಿಂತ ಮುಖ್ಯವಾಗಿ ಅವನ್ನು ತಿರುಗಿಸಿದ ವೃದ್ಧಮಾತೆಯರ ನೆನಪುಗಳನ್ನು ಕೇಳಿ ದಾಖಲಿಸಿದರೆ, ವಲಸೆಯ ಚರಿತ್ರೆಗೆ ಅಮೂಲ್ಯವಾದ ಸಾಮಗ್ರಿ ಒದಗುತ್ತದೆ. ಯಂತ್ರಗಳು ಒಂದು ವೇಳೆ ಇನ್ನೂ ಕೆಲವು ಕಾಲ ಉಳಿದಾವು, ನೆನಪುಳ್ಳವರು ಕಾಯಲಾರರು. ಈ ಕಾರ್ಯ ಈ ವರ್ಷವೇ ಆರಂಭವಾಗಬೇಕು.