ಮೊಹರು ಇತ್ತು, ಕಾವಲು ಇರಲಿಲ್ಲ

ಪರೀಕ್ಷೆ ಬಂತೆಂದರೆ ಶಿಕ್ಷಕರಾದ ನಮಗೆ ಪ್ರಶ್ನೆಪತ್ರಿಕೆ ಕಟ್ಟಿನದೇ ಚಿಂತೆ. ಕಟ್ಟಿಗೆ ಮೊಹರಿದ್ದರೂ ಕೋಣೆಗೆ ಕಾವಲು ಬೇಕು. ಇಷ್ಟು ಸಣ್ಣ ಮಾತನ್ನು ದೊಡ್ಡ ದೇಶವೊಂದು ಮರೆತದ್ದನ್ನು ಇರಾಕಿನ ಇತಿಹಾಸ ಹೇಳುತ್ತದೆ.

ಬಾಗ್ದಾದಿನಿಂದ ದಕ್ಷಿಣಕ್ಕೆ ಸುಮಾರು 50 ಕಿ.ಮೀ. ದೂರದಲ್ಲಿ ಅಲ್ ಕಾಕಾ ಎಂಬ ದೊಡ್ಡ ಶಸ್ತ್ರಾಗಾರವಿತ್ತು. ಅಲ್ಲಿದ್ದ ಎಚ್‌ಎಂಎಕ್ಸ್ ಎಂಬ ಸ್ಫೋಟಕ ಅಣುಬಾಂಬಿನ ತಯಾರಿಕೆಗೂ ಬಳಸಬಹುದಾದದ್ದು. ಆದ್ದರಿಂದ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಅದಕ್ಕೆ ಮೊಹರು ಹಾಕಿತ್ತು. 2003ರ ಮಾರ್ಚ್‌ನಲ್ಲಿ ಸಂಸ್ಥೆಯವರು ಮೊಹರುಗಳನ್ನು ಕೊನೆಯ ಬಾರಿ ನೋಡಿದರು. ಅದೇ ತಿಂಗಳ 20ರಂದು ಯುದ್ಧ ಶುರುವಾಯಿತು. ಏಪ್ರಿಲ್ 9ಕ್ಕೆ ಬಾಗ್ದಾದ್ ಬಿತ್ತು. ಅಮೆರಿಕದ ಸೈನಿಕರು ಅಲ್ ಕಾಕಾಕ್ಕೆ ಬಂದು ಮುಂದಕ್ಕೆ ಹೋದರು, ಕಾಯಂ ಕಾವಲು ನಿಲ್ಲಲಿಲ್ಲ.

2004ರ ಅಕ್ಟೋಬರ್ 10ರಂದು ಇರಾಕ್ ಸರ್ಕಾರ ಸಂಸ್ಥೆಗೆ ಪತ್ರ ಬರೆಯಿತು. ಸುಮಾರು 342 ಮೆಟ್ರಿಕ್ ಟನ್, ಅಂದರೆ ಅಮೆರಿಕದ ಲೆಕ್ಕದಲ್ಲಿ 377 ಟನ್ ಸ್ಫೋಟಕ ಏಪ್ರಿಲ್ 9ರ ನಂತರ ಲೂಟಿಯಾಗಿದೆ ಎಂದಿತು. ಅಕ್ಟೋಬರ್ 25ರಂದು ಸುದ್ದಿ ಹೊರಬಿತ್ತು. ಅಧ್ಯಕ್ಷರ ಚುನಾವಣೆಗೆ ಉಳಿದದ್ದು ಎಂಟೇ ದಿನ!

ಇದು ಬುಷ್ ಅವರ ಬೇಜವಾಬ್ದಾರಿ ಎಂದರು ಎದುರಾಳಿ ಜಾನ್ ಕೆರ್ರಿ. ಸೇನೆ ತಲುಪುವ ಮೊದಲೇ ಸದ್ದಾಂ ಕಡೆಯವರು ಸಾಗಿಸಿರಬಹುದು ಎಂದಿತು ಬುಷ್ ಪಾಳಯ; ನಾಲ್ಕು ಲಕ್ಷ ಟನ್ ಮದ್ದುಗುಂಡನ್ನು ವಶಪಡಿಸಿಕೊಂಡಿದ್ದೇವೆ ಅಥವಾ ನಾಶಮಾಡಿದ್ದೇವೆ ಎಂಬ ಲೆಕ್ಕವನ್ನೂ ಕೊಟ್ಟಿತು. ಅಷ್ಟರಲ್ಲಿ ಅಮೆರಿಕದ್ದೇ ಒಂದು ಟಿವಿ ತಂಡ 2003ರ ಏಪ್ರಿಲ್ 18ರಂದು ಅಲ್ಲಿ ತೆಗೆದ ಚಿತ್ರಗಳು ಹೊರಬಂದವು. ಸ್ಫೋಟಕದ ಪೀಪಾಯಿಗಳೂ ಬಾಗಿಲಿನ ಮೊಹರೂ ಅದರಲ್ಲಿ ಕಂಡವು. ವಾದವೆಲ್ಲ ಸರಕು ಯಾವಾಗ ಹೋಯಿತು ಎಂಬುದರ ಮೇಲೆ ನಡೆಯಿತು. ಯಾರ ಕೈ ಸೇರಿತು ಎಂಬುದು ಹಿಂದೆ ಸರಿಯಿತು. ನವೆಂಬರ್ 2ರ ಚುನಾವಣೆಯಲ್ಲಿ ಬುಷ್ ಗೆದ್ದರು.

ಯೋಚಿಸಿ ನೋಡಿ. ಯಾವ ಸಮೂಹನಾಶಕ ಅಸ್ತ್ರಗಳ ಹೆಸರಿನಲ್ಲಿ ಯುದ್ಧ ನಡೆಯಿತೋ ಅವುಗಳ ದಾಸ್ತಾನು ಇರಲಿಲ್ಲವೆಂದು ಅದೇ ಅಕ್ಟೋಬರ್‌ನಲ್ಲಿ ಅಮೆರಿಕದ ತನಿಖಾ ವರದಿಯೇ ಹೇಳಿತು. ಕಣ್ಣೆದುರು ಇದ್ದದ್ದಕ್ಕೆ ಕಾವಲಿರಲಿಲ್ಲ. ಕಾವಲಿಲ್ಲದ ಉಗ್ರಾಣಗಳಿಂದ ಲೂಟಿಯಾದ ಮದ್ದುಗುಂಡು ರಸ್ತೆಬದಿಯ ಬಾಂಬ್‌ಗಳಾಯಿತು ಎಂದು 2007ರಲ್ಲಿ ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧಕರೇ ಬರೆದರು. ಅಂಥ ಬಾಂಬ್‌ಗಳಿಗೆ ಸೈನಿಕರೂ ಸತ್ತರು, ಸಂತೆಗೆ ಹೊರಟ ಬಡ ಇರಾಕಿಗಳೂ ಸತ್ತರು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎಂಬ ಗಾದೆಯನ್ನು ನಾವು ಮಕ್ಕಳಿಗೆ ಕಲಿಸುತ್ತೇವೆ. ಇನ್ನು ಮುಂದೆ ಅದಕ್ಕೆ ಉದಾಹರಣೆ ಕೊಡುವಾಗ ಅಲ್ ಕಾಕಾದ ಹೆಸರನ್ನೂ ಹೇಳೋಣ.