ಸುರಂಗದ ಕಲ್ಲು ರಸ್ತೆಗೆ ಸೇರೋದು ಯಾವಾಗ, ಕಸ ಆಗೋದು ಯಾವಾಗ?

ಮುಂಬೈ–ಪುಣೆ ನಡುವೆ ರೈಲಿನಲ್ಲಿ ಓಡಾಡುವ ಕನ್ನಡಿಗರಿಗೆ ಖಂಡಾಲಾ ಘಾಟಿನ ಸುರಂಗಗಳು ಹೊಸದೇನಲ್ಲ. ಕಿಟಕಿ ಪಕ್ಕ ಕೂತ ಮಕ್ಕಳು ಅವನ್ನು ಎಣಿಸ್ತಾ ಹೋಗ್ತಾರೆ. ಆದರೆ ಆ ಸುರಂಗಗಳ ಒಳಗೆ ಮೊದಲು ಇದ್ದ ಕಲ್ಲು ಎಲ್ಲಿಗೆ ಹೋಯಿತು ಅಂತ ಯಾರೂ ಕೇಳೋದಿಲ್ಲ. ಇವತ್ತಿನ ಮಾತು ಆ ಕಲ್ಲಿನದು. ನಾನು ಎಂಟೆಕ್ ಮಾಡಿದರೂ ಸಿವಿಲ್ ಎಂಜಿನಿಯರ್ ಅಲ್ಲ, ಸಾಫ್ಟ್‌ವೇರ್‌ನವನು. ಹಾಗಾಗಿ ಓದಿ ತಿಳಿದುಕೊಂಡದ್ದನ್ನು ಒಬ್ಬ ಆಸಕ್ತನ ಹಾಗೆ ಹೇಳ್ತೀನಿ.

ಮೊದಲು ಭೋರ್ ಘಾಟ್. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಈ ಏರಿನ ಕೆಲಸ ಶುರು ಮಾಡಿದ್ದು 1856ರಲ್ಲಿ, ಮುಗಿದದ್ದು 1863ರಲ್ಲಿ. ಮುಖ್ಯ ಎಂಜಿನಿಯರ್ ಜೇಮ್ಸ್ ಬರ್ಕ್ಲಿ. ಗುತ್ತಿಗೆದಾರ ಸಾಲೊಮನ್ ಟ್ರೆಡ್ವೆಲ್ 1859ರಲ್ಲಿ ಇಲ್ಲಿಗೆ ಬಂದ ಕೆಲವೇ ವಾರಗಳಲ್ಲಿ ತೀರಿಕೊಂಡ. ಗುತ್ತಿಗೆಯನ್ನು ಆತನ ಹೆಂಡತಿ ಆಲಿಸ್ ಮುಂದುವರಿಸಿದರು. ಒಂದು ಹಂತದಲ್ಲಿ 40,000ಕ್ಕೂ ಹೆಚ್ಚು ಜನ ದುಡಿದರು. ಕಾಲರಾ ಮತ್ತಿತರ ಕಾಯಿಲೆಗಳಲ್ಲಿ, ಅಪಘಾತಗಳಲ್ಲಿ ಸತ್ತ ಕೂಲಿಗಳ ಹೆಸರು ಎಲ್ಲೂ ಉಳಿದಿಲ್ಲ.

ಈ ದಾರಿಯಲ್ಲಿ 25 ಸುರಂಗ, 8 ವಯಾಡಕ್ಟ್. ನನ್ನ ಗಮನ ಸೆಳೆದದ್ದು ಬೇರೆ ಎರಡು ಅಂಕಿ. ಗುಡ್ಡ ಕಡಿದು ತೆಗೆದದ್ದು ಸುಮಾರು 20 ಲಕ್ಷ ಘನ ಗಜ, ಅದರಲ್ಲಿ ಬಹುಪಾಲು ಬಂಡೆ. ಏರಿ ಕಟ್ಟಲು ತುಂಬಿದ್ದು ಸುಮಾರು 18 ಲಕ್ಷ ಘನ ಗಜ. ನೋಡಿ, ಎರಡೂ ಹೆಚ್ಚುಕಡಿಮೆ ಸರಿಸಮ. ಒಂದು ಕಡೆ ಕಡಿ, ಪಕ್ಕದ ಕಣಿವೆಯಲ್ಲಿ ತುಂಬು. ಇದು ಆ ಕಾಲದ ಪರಿಸರ ಕಾಳಜಿ ಏನಲ್ಲ, ಬರೀ ಖರ್ಚಿನ ಲೆಕ್ಕ. ಕಲ್ಲು ಸಾಗಿಸಲು ಇದ್ದದ್ದು ತಲೆಹೊರೆ, ಎತ್ತಿನ ಗಾಡಿ, ತಳ್ಳುವ ವ್ಯಾಗನ್. ದೂರದಿಂದ ತರೋದೂ ದುಬಾರಿ, ದೂರಕ್ಕೆ ಎಸೆಯೋದೂ ದುಬಾರಿ. ಅದಕ್ಕೇ ಎಂಜಿನಿಯರ್ ನಕ್ಷೆ ಬರೆಯುವಾಗಲೇ ಕಡಿತಕ್ಕೂ ತುಂಬಿಗೂ ತಾಳೆ ಹಾಕ್ತಿದ್ದ. ಅಂಥ ಲೆಕ್ಕದಲ್ಲಿ ಕಲ್ಲಿಗೆ ‘ಕಸ’ ಅನ್ನುವ ಹೆಸರು ಬರಲು ಜಾಗವೇ ಕಡಿಮೆ.

ಇನ್ನು ರಸ್ತೆ. ಸ್ಕಾಟ್ಲೆಂಡಿನ ಜಾನ್ ಮೆಕಾಡಂ 1816ರಲ್ಲಿ ಬ್ರಿಸ್ಟಲ್ ಸುತ್ತಲಿನ ರಸ್ತೆಗಳ ಮೇಲ್ವಿಚಾರಕನಾದ. ಅವನ ಸೂತ್ರ ಸರಳ: ಕಲ್ಲನ್ನು ಸಣ್ಣದಾಗಿ ಒಡೆ, ಯಾವುದೂ ಆರು ಔನ್ಸ್ ಅಂದ್ರೆ ಸುಮಾರು 170 ಗ್ರಾಂ ಮೀರಬಾರದು, ಜೇಡಿಮಣ್ಣು ಸೇರಿಸಬೇಡ. ಮೂಲೆಗಳಿರುವ ಕಲ್ಲುಚೂರುಗಳು ಒಂದರೊಳಗೊಂದು ಕಚ್ಚಿಕೊಂಡು ತಾವೇ ಗಟ್ಟಿಯಾಗ್ತವೆ. ಕೆಳಗೆ ನೀರು ನಿಲ್ಲದಿದ್ದರೆ ರಸ್ತೆ ನಿಲ್ಲುತ್ತೆ. ಇಂದಿಗೂ ನಮ್ಮ ಹೆದ್ದಾರಿಗಳ ಡಾಂಬರಿನ ಕೆಳಗೆ ಹಾಕುವ ಪದರದ ಹೆಸರು ‘ವೆಟ್ ಮಿಕ್ಸ್ ಮೆಕಾಡಂ’. ಅದರ ಕೆಳಗೆ ಜಿಎಸ್‌ಬಿ, ಅಂದ್ರೆ ಮಣ್ಣಿನ ಮೇಲೆ ಮೊದಲು ಹಾಸುವ ಜಲ್ಲಿ ಪದರ.

ಮೆಕಾಡಂನ ಕಾಲದಲ್ಲಿ ಜಲ್ಲಿ ಅಂದರೆ ಸುತ್ತಿಗೆ ಹಿಡಿದು ದಾರಿ ಬದಿ ಕೂತವರ ದುಡಿಮೆ. 1852ರಲ್ಲಿ ಅಮೆರಿಕದ ನ್ಯೂ ಹೇವನ್‌ನಲ್ಲಿ ಒಂದು ಮೆಕಾಡಂ ರಸ್ತೆಯ ಉಸ್ತುವಾರಿ ಎಲೈ ವಿಟ್ನಿ ಬ್ಲೇಕ್ ಅನ್ನುವವನಿಗೆ ಬಂತು. ಈ ಕೈಕೆಲಸ ನೋಡಿ ಅವನು ಕಲ್ಲನ್ನು ದವಡೆಯ ಹಾಗೆ ಅಗಿಯುವ ಯಂತ್ರ ರೂಪಿಸಿದ, 1858ರಲ್ಲಿ ಪೇಟೆಂಟ್ ಪಡೆದ. ಇವತ್ತು ನಮ್ಮ ಊರ ಹೊರಗೆ ಧೂಳೆಬ್ಬಿಸುವ ಕ್ರಷರ್‌ನ ಅಜ್ಜ ಅದೇ.

ಕಥೆ ತಿರುವು ತಗೊಳ್ಳೋದು ಇಲ್ಲೇ. ಕ್ರಷರ್ ಬಂತು, ಡೈನಮೈಟ್ ಬಂತು, ಆಮೇಲೆ ಲಾರಿ ಬಂತು. ಗುಡ್ಡ ಒಡೆದು ಹೊಸ ಜಲ್ಲಿ ತರೋದು ಸಲೀಸಾಯಿತು. ಸುರಂಗದ ಕಲ್ಲನ್ನು ವಿಂಗಡಿಸಿ, ಕಾದಿಟ್ಟು ಬಳಸೋದು ತಲೆನೋವಿನ ಕೆಲಸ ಅನ್ನಿಸಿತು. ಸೈಟಿನಲ್ಲಿ ಅದಕ್ಕೆ ‘ಮಕ್’ ಅನ್ನುವ ಹೆಸರು ನಿಂತುಬಿಟ್ಟಿತು. ಕಲ್ಲು ಅದೇ, ಬದಲಾದದ್ದು ಸಾಗಣೆಯ ಬೆಲೆ.

ಒಂದು ಅಂದಾಜು ಹಾಕೋಣ. ಎರಡು ಲೇನ್ ಸುರಂಗದ ಅಡ್ಡಕೊಯ್ತ ಸುಮಾರು 80 ಚದರ ಮೀಟರ್ ಅಂದುಕೊಳ್ಳಿ. ಒಂದು ಕಿಲೋಮೀಟರಿಗೆ 80,000 ಘನ ಮೀಟರ್ ಗಟ್ಟಿ ಬಂಡೆ. ಒಡೆದು, ಹಾಸಿ, ರೋಲರ್ ಓಡಿಸಿದ ಮೇಲೂ ಒಂದು ಲಕ್ಷ ಘನ ಮೀಟರ್ ಆಗುತ್ತೆ. ಹತ್ತು ಮೀಟರ್ ಅಗಲದ ರಸ್ತೆಗೆ ಎರಡೂ ಪದರ ಸೇರಿ 45 ಸೆಂಟಿಮೀಟರ್ ದಪ್ಪ ಅಂದರೆ ಕಿಲೋಮೀಟರಿಗೆ 4,500 ಘನ ಮೀಟರ್ ಬೇಕು. ಅರ್ಧ ಕಲ್ಲು ಕೆಲಸಕ್ಕೆ ಬಾರದು ಅಂತ ಬಿಟ್ಟರೂ, ಒಂದು ಕಿಲೋಮೀಟರ್ ಸುರಂಗ ಹನ್ನೊಂದು ಕಿಲೋಮೀಟರ್ ರಸ್ತೆಯ ತಳ ಕೊಡುತ್ತೆ. ಅಷ್ಟರ ಮಟ್ಟಿಗೆ ಎಲ್ಲೋ ಒಂದು ಗುಡ್ಡ ಉಳಿಯುತ್ತೆ.

ಹಾಗಾದರೆ ಎಲ್ಲ ಕಡೆ ಯಾಕೆ ಹೀಗೆ ಮಾಡೋದಿಲ್ಲ? ಕಾರಣಗಳು ಮೂರು.

ಮೊದಲನೆಯದು ಕಲ್ಲಿನ ಗುಣ. ಸಹ್ಯಾದ್ರಿಯ ಗಟ್ಟಿ ಕರಿಕಲ್ಲು, ಅಂದ್ರೆ ಬಸಾಲ್ಟ್, ಒಳ್ಳೆಯ ಜಲ್ಲಿ. ಆದರೆ ಒಂದು ಲಾವಾ ಹಾಸಿಗೂ ಇನ್ನೊಂದಕ್ಕೂ ನಡುವೆ ಅಲ್ಲಲ್ಲಿ ಕೆಂಪು ಮೆತ್ತನೆಯ ‘ರೆಡ್ ಬೋಲ್’ ಪದರ ಸಿಗುತ್ತೆ. ಮುಂಬೈಯ ನೆಲದಡಿ ಬೂದಿಗಲ್ಲು, ಬ್ರೆಶಿಯಾ ಕೂಡ ಇವೆ. ಬೆಳಿಗ್ಗೆ ಬಂದ ಕಲ್ಲು ಸಂಜೆ ಇರೋದಿಲ್ಲ. ಹಿಮಾಲಯದ ಫಿಲೈಟ್, ಶಿಸ್ಟ್ ಹಾಳೆ ಹಾಳೆಯಾಗಿ ಒಡೆಯೋ ಕಲ್ಲು. ನಮ್ಮ ಹೆದ್ದಾರಿ ನಿಯಮಗಳ ಪ್ರಕಾರ ವೆಟ್ ಮಿಕ್ಸ್ ಮೆಕಾಡಂ ಪದರದ ಜಲ್ಲಿಯನ್ನು ಡ್ರಮ್ಮಿನಲ್ಲಿ ಉಕ್ಕಿನ ಗುಂಡುಗಳ ಜೊತೆ ತಿರುಗಿಸಿದರೆ ಸವೆತ ಶೇ 40 ಮೀರಬಾರದು, ಪೆಟ್ಟಿನ ಪರೀಕ್ಷೆಯಲ್ಲಿ ಪುಡಿಯಾಗೋದು ಶೇ 30 ಮೀರಬಾರದು. ಚಪ್ಪಟೆ, ಉದ್ದನೆ ಚೂರುಗಳಿಗೂ ಮಿತಿ ಇದೆ. ಸಿಡಿಮದ್ದು ಇಟ್ಟು ಒಡೆದ ಕಲ್ಲು ದಪ್ಪದಪ್ಪಗೆ ಬರುತ್ತೆ, ಕ್ರಷರ್‌ಗೆ ಹಾಕಬಹುದು. ಟಿಬಿಎಂ, ಅಂದ್ರೆ ಕೊರೆಯೋ ಯಂತ್ರ, ಬಿಲ್ಲೆಬಿಲ್ಲೆಯಾಗಿ ಸೀಳುತ್ತೆ, ಪುಡಿಯೂ ಜಾಸ್ತಿ. ಅದರಲ್ಲಿ ಕೆಳಪದರಕ್ಕೆ ಒಪ್ಪುವ ಕಲ್ಲು ಮೇಲಿನದಕ್ಕೆ ಒಪ್ಪಬೇಕು ಅಂತಿಲ್ಲ.

ಎರಡನೆಯದು ಸಮಯ. ಇದು ನಮ್ಮ ಐಟಿಯವರಿಗೆ ಬೇಗ ಅರ್ಥವಾಗುತ್ತೆ. ಸುರಂಗ ಈ ವರ್ಷ ಕಲ್ಲು ಉಗುಳುತ್ತೆ, ರಸ್ತೆ ಕೇಳೋದು ಇನ್ನೆರಡು ವರ್ಷಕ್ಕೆ. ನಡುವೆ ಬಫರ್ ಬೇಕು, ಅಂದ್ರೆ ರಾಶಿ ಹಾಕಲು ಜಾಗ. ಘಟ್ಟದಲ್ಲಿ ಸಮತಟ್ಟು ಜಾಗವೇ ಇರೋದಿಲ್ಲ. ಇರೋದು ನದಿಯ ದಂಡೆ.

ಅದರ ಫಲ ಏನು ಅಂತ 2013ರ ಜೂನ್‌ನಲ್ಲಿ ಉತ್ತರಾಖಂಡದ ಶ್ರೀನಗರ ಪಟ್ಟಣ ನೋಡಿತು. ಜಲವಿದ್ಯುತ್ ಯೋಜನೆಯೊಂದಕ್ಕೆ ಅಗೆದ ಮಣ್ಣು ಕಲ್ಲಿನ ರಾಶಿ ಅಲಕನಂದಾ ದಂಡೆಯಲ್ಲಿತ್ತು. ಪ್ರವಾಹ ಅದನ್ನು ಎತ್ತಿಕೊಂಡು ಬಂದು ಮನೆಗಳೊಳಗೆ ತುಂಬಿತು. ಜನ ಹೋರಾಡಿದರು. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 9 ಕೋಟಿ ರೂಪಾಯಿಗೂ ಹೆಚ್ಚು ಪರಿಹಾರ ಕೊಡಲು ಯೋಜನೆಯ ಕಂಪನಿಗೆ ಆದೇಶಿಸಿತು. ರಾಶಿ ಹಾಕುವವರಿಗೆ ಅದು ಮಕ್. ನದಿಯ ಕೆಳಗಿನವರಿಗೆ ಮನೆ ಹೋದ ಲೆಕ್ಕ.

ಮೂರನೆಯದು ಒಡೆತನ. 1957ರ ಗಣಿ ಮತ್ತು ಖನಿಜ ಕಾಯ್ದೆಯಲ್ಲಿ ಕಟ್ಟಡದ ಕಲ್ಲು ಉಪಖನಿಜ, ಅದಕ್ಕೆ ರಾಜ್ಯಕ್ಕೆ ರಾಜಧನ ಕಟ್ಟಬೇಕು. 2000ದ ಫೆಬ್ರವರಿಯ ಅಧಿಸೂಚನೆ, ತುಂಬಲು ಮಟ್ಟ ಮಾಡಲು ಬಳಸುವ ಸಾಮಾನ್ಯ ಮಣ್ಣನ್ನೂ ಆ ಪಟ್ಟಿಗೆ ಸೇರಿಸಿತು. ಪಾಯ ಅಗೆದ ಮಣ್ಣಿಗೂ ರಾಜಧನವೇ ಅಂತ ಪುಣೆಯ ಬಿಲ್ಡರ್‌ಗಳ ಸಂಘ ಸುಪ್ರೀಂ ಕೋರ್ಟಿಗೆ ಹೋಯಿತು. ಅಗೆದದ್ದು ಮುಖ್ಯವಲ್ಲ, ಆಮೇಲೆ ಅದನ್ನು ಯಾವುದಕ್ಕೆ ಬಳಸಿದಿರಿ ಅನ್ನೋದು ಮುಖ್ಯ ಅಂತ 2014ರಲ್ಲಿ ನ್ಯಾಯಾಲಯ ಹೇಳಿತು. ಅದು ಮಣ್ಣಿನ ಮೊಕದ್ದಮೆ, ಸುರಂಗದ್ದಲ್ಲ. ಆದರೆ ಪಾಠ ಇದಕ್ಕೂ ಹೊಂದುತ್ತೆ: ಕಲ್ಲು ಯಾರದು, ರಾಜಧನ ಯಾರು ಕಟ್ಟಬೇಕು ಅಂತ ಟೆಂಡರ್‌ನಲ್ಲೇ ಬರೆಯದಿದ್ದರೆ, ಗುತ್ತಿಗೆದಾರನಿಗೆ ಎಸೆಯೋದೇ ಸುಲಭ.

ಮಾಡಿ ತೋರಿಸಿದವರೂ ಇದ್ದಾರೆ. ಸ್ವಿಟ್ಜರ್ಲೆಂಡಿನ ಗೊಥಾರ್ಡ್ ತಳ ಸುರಂಗ 57 ಕಿಲೋಮೀಟರ್, 2016ರಲ್ಲಿ ತೆರೆಯಿತು. ಹೊರಬಂದ ಕಲ್ಲು 2.82 ಕೋಟಿ ಟನ್. ಅದರಲ್ಲಿ ಸುಮಾರು ಮೂರನೇ ಒಂದು ಭಾಗ ಅದೇ ಸುರಂಗದ ಕಾಂಕ್ರೀಟಿಗೆ ಹೋಯಿತು. ಒಂದಿಷ್ಟು ಉರಿ ಸರೋವರದಲ್ಲಿ ಪುಟ್ಟ ದ್ವೀಪಗಳಾಯಿತು, ಈಗ ಅಲ್ಲಿ ಜನ ಈಜಲು ಹೋಗ್ತಾರೆ. ಟಿಬಿಎಂ ಕಲ್ಲು ಕಾಂಕ್ರೀಟಿಗೆ ಆಗೋದಿಲ್ಲ ಅನ್ನುವ ಮಾತಿತ್ತು. ಕೊರೆಯುವ ಮೊದಲೇ ವರ್ಷಗಟ್ಟಲೆ ಪ್ರಯೋಗ ಮಾಡಿ ಅದನ್ನು ಸುಳ್ಳು ಮಾಡಿದರು. ಸುರಂಗಗಳ ನಾಡಾದ ನಾರ್ವೆಯಲ್ಲಿ ಸಿಡಿಸಿದ ಕಲ್ಲು ರಸ್ತೆಯ ಕೆಳಪದರಗಳಿಗೆ ಹೋಗೋದು ಹಳೆಯ ರೂಢಿ. 2016ರಿಂದ 2019ರವರೆಗೆ ಅಲ್ಲಿ ನಡೆದ ಒಂದು ಸಂಶೋಧನಾ ಯೋಜನೆಯ ಹೆಸರೇ ‘ಕಡಿಮೆ ದೂರ ಸಾಗಿದ ಕಲ್ಲು’. ಅಗೆದಲ್ಲೇ ಪರೀಕ್ಷಿಸಿ ಹತ್ತಿರದಲ್ಲೇ ಬಳಸೋದು ಅದರ ಗುರಿ. ಒಂದರ್ಥದಲ್ಲಿ ಇದು ಭೋರ್ ಘಾಟಿನ ಲೆಕ್ಕವೇ, ಜೊತೆಗೆ ಪ್ರಯೋಗಾಲಯ ಸೇರಿದೆ.

ಇಷ್ಟೆಲ್ಲ ಓದಿದ ಮೇಲೆ ನನಗೆ ಅನ್ನಿಸಿದ್ದು: ಕಲ್ಲು ಹುಟ್ಟಿನಿಂದ ಕಸ ಅಲ್ಲ. ಕೊರೆಯುವ ಮೊದಲು ಯಾರೂ ಅದರ ಬಗ್ಗೆ ತೀರ್ಮಾನ ಮಾಡದಿದ್ದರೆ ಕಸ ಆಗುತ್ತೆ. ಈಗ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಅಡಿಯಲ್ಲಿ ಠಾಣೆ–ಬೋರಿವಲಿ ಜೋಡಿ ಸುರಂಗ ಬರ್ತಿದೆ. ಇಂಥ ಸುದ್ದಿ ಓದುವಾಗ ಎಷ್ಟು ನಿಮಿಷ ಉಳಿಯುತ್ತೆ ಅಂತ ನಾವೆಲ್ಲ ನೋಡ್ತೀವಿ. ಜೊತೆಗೆ ಇನ್ನೂ ಮೂರು ಕೇಳಿ: ಕಲ್ಲನ್ನು ದಿನಾ ಪರೀಕ್ಷಿಸೋದು ಯಾರು, ರಾಶಿ ಎಲ್ಲಿ, ಅದರ ಒಡೆಯ ಯಾರು? ಉತ್ತರ ಸಿಗದಿದ್ದರೆ ಒಂದು ಗುಡ್ಡದ ಒಳಗಿನ ಕಲ್ಲು ಹೊಳೆಯ ಪಾಲು, ರಸ್ತೆಗಾಗಿ ಇನ್ನೊಂದು ಗುಡ್ಡ ಕ್ರಷರ್ ಪಾಲು.