ಮುರಿದ ಎಡಗೈ, ಖಾಲಿಯಾದ ಒಂದು ಜಾಗ: 1975ರ ಇಂಡಿಯಾನಾ ಫಾರ್ವರ್ಡ್‌ಗಳು

ಅಮೆರಿಕದಲ್ಲಿ ಇರುವವರಿಗೆ ಈ ಋತು ಚೆನ್ನಾಗಿ ಗೊತ್ತು. ಮರದ ಎಲೆಗಳು ಬಣ್ಣ ಬದಲಿಸುವ ಹೊತ್ತಿಗೆ ಕಾಲೇಜು ಬ್ಯಾಸ್ಕೆಟ್‌ಬಾಲ್ ಮುನ್ನೋಟಗಳು ಬರೋಕೆ ಶುರುವಾಗುತ್ತವೆ. ಈ ತಂಡದ ಗಾರ್ಡ್‌ಗಳು ಹೇಗಿದ್ದಾರೆ, ಆ ತಂಡದ ಫಾರ್ವರ್ಡ್‌ಗಳು ಹೇಗಿದ್ದಾರೆ, ಪದವಿ ಮುಗಿಸಿ ಹೋದವರು ಯಾರು, ಉಳಿದವರು ಯಾರು ಅಂತ ಪುಟಗಟ್ಟಲೆ ಲೆಕ್ಕ. ಮಾರ್ಚ್ ತಿಂಗಳಲ್ಲಿ ಆಫೀಸಿನ ಎಲ್ಲರೂ ಬ್ರ್ಯಾಕೆಟ್ ತುಂಬುವಾಗ ಈ ಮುನ್ನೋಟಗಳನ್ನು ಯಾರೂ ನೆನಪಿಟ್ಟುಕೊಂಡಿರುವುದಿಲ್ಲ, ಅದು ಬೇರೆ ಮಾತು.

ಹಿಂದಿನ ಅಂಕಿಗಳನ್ನು ನೋಡಿ ಮುಂದಿನದನ್ನು ಊಹಿಸುವುದೇ ನನ್ನ ಹೊಟ್ಟೆಪಾಡು. ಹಾಗಾಗಿ ಇಂಥ ಮುನ್ನೋಟ ಕಂಡರೆ ನನಗೆ ಒಂದು ಹಳೆಯ ತಂಡ ನೆನಪಾಗುತ್ತದೆ. ಇವತ್ತು ನಿಮ್ಮನ್ನು ಅಲ್ಲಿಗೇ ಕರೆದುಕೊಂಡು ಹೋಗುತ್ತೇನೆ. ಜಾಗ: ಇಂಡಿಯಾನಾ ರಾಜ್ಯದ ಬ್ಲೂಮಿಂಗ್ಟನ್. ಕಾಲ: ನವೆಂಬರ್ 1975. ಸೀಸನ್ ಇನ್ನೂ ಶುರುವಾಗಿಲ್ಲ. ಮುಂದೆ ಏನಾಯಿತು ಅನ್ನುವುದು ನಿಮಗೆ ಗೊತ್ತಿದ್ದರೂ ಸದ್ಯಕ್ಕೆ ಮರೆತುಬಿಡಿ. ಇಂಡಿಯಾನಾ ವಿಶ್ವವಿದ್ಯಾಲಯದ ಫಾರ್ವರ್ಡ್‌ಗಳ ಬಗ್ಗೆ ಒಂದು ಮುನ್ನೋಟ ಬರೆಯಬೇಕಾಗಿದೆ ಅಂದುಕೊಳ್ಳಿ. ಏನು ಬರೆಯುತ್ತೀರಿ?

ಮೊದಲು ಆಟದ ಬಗ್ಗೆ ಎರಡು ಮಾತು. ಬ್ಯಾಸ್ಕೆಟ್‌ಬಾಲ್‌ನಲ್ಲಿ ಒಂದು ಕಡೆಗೆ ಐದು ಜನ. ಸಾಮಾನ್ಯವಾಗಿ ಇಬ್ಬರು ಗಾರ್ಡ್, ಇಬ್ಬರು ಫಾರ್ವರ್ಡ್, ಒಬ್ಬ ಸೆಂಟರ್. ಗಾರ್ಡ್‌ಗಳು ಚೆಂಡನ್ನು ಮೇಲೆ ತರುತ್ತಾರೆ, ಆಟ ಕಟ್ಟುತ್ತಾರೆ. ಸೆಂಟರ್ ಬುಟ್ಟಿಯ ಹತ್ತಿರ ನಿಲ್ಲುವ ಎತ್ತರದ ಆಳು. ಫಾರ್ವರ್ಡ್‌ಗಳು ಈ ಎರಡರ ನಡುವಿನವರು. ದೂರದಿಂದಲೂ ಹೊಡೆಯಬೇಕು, ಬುಟ್ಟಿಯ ಕೆಳಗೆ ನುಗ್ಗಿ ರೀಬೌಂಡ್ ಅನ್ನೂ ಹಿಡಿಯಬೇಕು. ಮನೆಯಲ್ಲಿ ಎರಡನೇ ಮಗನ ಹಾಗೆ, ಎಲ್ಲ ಕೆಲಸಕ್ಕೂ ಅವರನ್ನೇ ಕೂಗುತ್ತಾರೆ.

1975ರ ಕಾಲೇಜು ಆಟ ಇವತ್ತಿನದಲ್ಲ ಅನ್ನುವುದನ್ನೂ ನೆನಪಿಡಿ. ಆಗ ಮೂರು ಅಂಕದ ಗೆರೆ ಇರಲಿಲ್ಲ. ಅದು ದೇಶದ ಎಲ್ಲ ಕಾಲೇಜುಗಳಿಗೂ ಬಂದಿದ್ದು 1986-87ರಲ್ಲಿ. ಇಷ್ಟು ಸೆಕೆಂಡಿನೊಳಗೆ ಹೊಡೆಯಲೇಬೇಕು ಅನ್ನುವ ಶಾಟ್ ಕ್ಲಾಕ್ ಬಂದಿದ್ದು ಅದಕ್ಕೆ ಒಂದು ವರ್ಷ ಮುಂಚೆ. ಚೆಂಡನ್ನು ಮೇಲಿನಿಂದ ಬುಟ್ಟಿಗೆ ಅಪ್ಪಳಿಸುವ ಡಂಕ್ ಅನ್ನು 1967ರಲ್ಲಿ ನಿಷೇಧಿಸಿದ್ದರು, 1976ರವರೆಗೂ ಆ ನಿಷೇಧ ಇತ್ತು. ಅಂದರೆ ಹದಿನೈದು ಅಡಿಯಿಂದ ಹೊಡೆದರೂ ಎರಡೇ ಅಂಕ, ಇಪ್ಪತ್ತೈದು ಅಡಿಯಿಂದ ಹೊಡೆದರೂ ಎರಡೇ ಅಂಕ. ಒಳ್ಳೆಯ ಅವಕಾಶ ಸಿಗುವವರೆಗೆ ಎಷ್ಟು ಹೊತ್ತು ಬೇಕಾದರೂ ಚೆಂಡು ತಿರುಗಿಸುತ್ತಾ ಇರಬಹುದು. ಇಂಥ ಆಟದಲ್ಲಿ ಮಧ್ಯಮ ದೂರದಿಂದ ಗುರಿ ತಪ್ಪದೆ ಹೊಡೆಯುವ ಫಾರ್ವರ್ಡ್ ಅಂದರೆ ಚಿನ್ನ.

ಕೋಚ್ ಬಾಬ್ ನೈಟ್ 1971ರಲ್ಲಿ ಇಂಡಿಯಾನಾಕ್ಕೆ ಬಂದಿದ್ದರು. ಅವರ ಪದ್ಧತಿಯಲ್ಲಿ ಬಾಯಿಪಾಠ ಮಾಡಿದ ಚಲನೆಗಳು ಕಡಿಮೆ. ಐದೂ ಜನ ಸದಾ ಓಡಾಡುತ್ತಾ ಇರಬೇಕು. ಒಬ್ಬರು ಗೋಡೆಯ ಹಾಗೆ ಅಡ್ಡ ನಿಂತು ಸ್ಕ್ರೀನ್ ಕೊಡಬೇಕು, ಇನ್ನೊಬ್ಬರು ಆ ಮರೆಯಿಂದ ಹೊರಬಂದು ಚೆಂಡು ಹಿಡಿಯಬೇಕು. ಎದುರಾಳಿ ಹೇಗೆ ಪ್ರತಿಕ್ರಿಯಿಸುತ್ತಾನೋ ನೋಡಿ ಮುಂದಿನ ಹೆಜ್ಜೆ. ಇದಕ್ಕೆ ಮೋಷನ್ ಅಫೆನ್ಸ್ ಅಂತ ಹೆಸರು. ಅಡ್ಡ ನಿಂತವರ ಹೆಸರು ಮಾರನೆ ದಿನದ ಅಂಕಪಟ್ಟಿಯಲ್ಲಿ ಕಾಣುವುದಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಮುನ್ನೋಟಕ್ಕೆ ಬರೋಣ. ಮೊದಲು ಹಿಂದಿನ ವರ್ಷದ ಲೆಕ್ಕ.

1974-75ರಲ್ಲಿ ಇಂಡಿಯಾನಾ ಬಿಗ್ ಟೆನ್ ಲೀಗಿನ 18 ಪಂದ್ಯಗಳಲ್ಲಿ 18ನ್ನೂ ಗೆದ್ದಿತ್ತು, ಅದೂ ಸರಾಸರಿ 22ಕ್ಕೂ ಹೆಚ್ಚು ಅಂಕಗಳ ಅಂತರದಿಂದ. ಒಬ್ಬ ಫಾರ್ವರ್ಡ್ ಸ್ಕಾಟ್ ಮೇ. ಇದು ತಿಂಗಳ ಹೆಸರಲ್ಲ, ಒಹಾಯೊ ರಾಜ್ಯದ ಸ್ಯಾಂಡಸ್ಕಿ ಊರಿನ ಹುಡುಗನ ಹೆಸರು. ಇನ್ನೊಬ್ಬ ಫಾರ್ವರ್ಡ್ ಸ್ಟೀವ್ ಗ್ರೀನ್. ಸೆಂಟರ್ ಕೆಂಟ್ ಬೆನ್ಸನ್. ಮೂವರೂ ಪಂದ್ಯಕ್ಕೆ ಹದಿನೈದು-ಹದಿನಾರು ಅಂಕ ಹೊಡೆಯುತ್ತಿದ್ದರು. ಭಾರ ಸಮನಾಗಿ ಹಂಚಿಹೋಗಿದೆ, ಯಾರೊಬ್ಬರ ಮೇಲೂ ತಂಡ ನಿಂತಿಲ್ಲ ಅಂತ ಅಂಕಿಗಳು ಹೇಳುತ್ತಿದ್ದವು.

ಫೆಬ್ರವರಿ 1975ರಲ್ಲಿ ಪರ್ಡ್ಯೂ ವಿರುದ್ಧದ ಪಂದ್ಯದಲ್ಲಿ ಮೇ ಅವರ ಎಡಗೈ ಮೂಳೆ ಮುರಿಯಿತು. ಆ ಪಂದ್ಯವನ್ನು ಇಂಡಿಯಾನಾ 83-82ರಿಂದ ಗೆದ್ದಿತು. ಹೇಗೋ ಸುಧಾರಿಸಿಕೊಂಡು ರಾಷ್ಟ್ರೀಯ ಟೂರ್ನಿಗೂ ಹೋಯಿತು. ಮಾರ್ಚ್ 22ರಂದು ಡೇಟನ್‌ನಲ್ಲಿ ಕೆಂಟಕಿ ಎದುರಾಯಿತು. ಡಿಸೆಂಬರ್‌ನಲ್ಲಿ ಇದೇ ಕೆಂಟಕಿಯನ್ನು ಇಂಡಿಯಾನಾ 98-74ರಿಂದ ಹಣ್ಣುಗಾಯಿ ಮಾಡಿತ್ತು. ಈ ಸಲ ಮೇ ಕೈಗೆ ರಕ್ಷಣೆ ಕಟ್ಟಿಕೊಂಡು ಕೆಲವೇ ನಿಮಿಷ ಆಡಿದರು, ಹೊಡೆದಿದ್ದು ಎರಡೇ ಅಂಕ. ಬೆನ್ಸನ್ 33 ಅಂಕ, 23 ರೀಬೌಂಡ್ ತಂದುಕೊಟ್ಟರೂ ಸಾಲಲಿಲ್ಲ. ಕೆಂಟಕಿ 92, ಇಂಡಿಯಾನಾ 90. 31 ಗೆಲುವು, ಒಂದು ಸೋಲು. ಎಲ್ಲ ಮುಗಿಯಿತು.

ಈ ಎರಡು ಅಂಕದಲ್ಲಿ ನಮ್ಮಂಥವರಿಗೆ ಒಂದು ಪಾಠ ಇದೆ. ಸರಾಸರಿ ಅಂಕಗಳು ಸಮನಾಗಿದ್ದ ಮಾತ್ರಕ್ಕೆ ಅವಲಂಬನೆಯೂ ಸಮನಾಗಿರುತ್ತದೆ ಅಂತ ಅಲ್ಲ. ಮೇ ಹೊಡೆಯುತ್ತಿದ್ದ ಹದಿನಾರು ಅಂಕಗಳನ್ನು ಬೇರೆಯವರು ತುಂಬಬಹುದಿತ್ತು, ಬೆನ್ಸನ್ ತುಂಬಿಯೂ ತುಂಬಿದರು. ಆದರೆ ಎದುರಾಳಿಯ ಒಳ್ಳೆಯ ಡಿಫೆಂಡರ್ ಮೇ ಅವರ ಹಿಂದೆಯೇ ಓಡುತ್ತಿದ್ದ. ಅದರಿಂದ ಉಳಿದ ನಾಲ್ವರಿಗೆ ಸಿಗುತ್ತಿದ್ದ ಜಾಗ ಇತ್ತಲ್ಲ, ಅದನ್ನು ಯಾರೂ ತುಂಬಲಾಗಲಿಲ್ಲ. ಅದಕ್ಕೆ ಅಂಕಪಟ್ಟಿಯಲ್ಲಿ ಒಂದು ಕಾಲಂ ಕೂಡ ಇಲ್ಲ.

ಹಾಗಾದರೆ ನವೆಂಬರ್ 1975ರಲ್ಲಿ ನಿಮ್ಮ ಮುಂದೆ ಇರುವ ಪ್ರಶ್ನೆಗಳು ಎರಡು. ಮೇ ಅವರ ಕೈ ಸರಿಹೋಗಿದೆಯೇ? ಪದವಿ ಮುಗಿಸಿ ಹೋದ ಸ್ಟೀವ್ ಗ್ರೀನ್ ಜಾಗಕ್ಕೆ ಯಾರು?

ಮೊದಲನೆಯದು ವೈದ್ಯರ ಪ್ರಶ್ನೆ, ಉತ್ತರಕ್ಕೆ ಕಾಯಬೇಕು. ಎರಡನೆಯದೇ ನಿಜವಾದ ಮುನ್ನೋಟದ ಪ್ರಶ್ನೆ. ಕಾಗದದ ಮೇಲೆ ಗ್ರೀನ್ ಅಂದರೆ ಹದಿನಾರು ಅಂಕ. ಆ ಜಾಗಕ್ಕೆ ನಿಂತವರು ಟಾಮ್ ಅಬರ್ನೇಥಿ. ಇಂಡಿಯಾನಾದ್ದೇ ಸೌತ್ ಬೆಂಡ್ ಊರಿನವರು, ಕೊನೆಯ ವರ್ಷದ ವಿದ್ಯಾರ್ಥಿ, ಎತ್ತರ ಮೇ ಅವರಷ್ಟೇ, ಆರಡಿ ಏಳಿಂಚು. ಹಿಂದಿನ ವರ್ಷ ಬೆಂಚಿನಿಂದ ಬಂದು ಆಡುತ್ತಿದ್ದವರು, ಸರಾಸರಿ ಅಂಕ ಒಂದಂಕಿಯಲ್ಲೇ. ನೀವು ಸ್ಪ್ರೆಡ್‌ಶೀಟ್ ತೆರೆದು ಕಳೆದು-ಕೂಡಿ ನೋಡಿದರೆ ಆ ಜಾಗದಲ್ಲಿ ನಷ್ಟವೇ ಕಾಣುತ್ತದೆ. ಇವರ ಹಿಂದೆ ಬೆಂಚಿನಲ್ಲಿ ರಿಚ್ ವಲವಿಷಿಯಸ್ ಅನ್ನುವ ಮೊದಲ ವರ್ಷದ ಹುಡುಗ, ಜೊತೆಗೆ ಗಾರ್ಡ್ ಜಾಗಕ್ಕೂ ಫಾರ್ವರ್ಡ್ ಜಾಗಕ್ಕೂ ಒಗ್ಗುವ ವೇಯ್ನ್ ರಾಡ್‌ಫರ್ಡ್. ಇಷ್ಟೇ.

ಪಟ್ಟಿಯಲ್ಲಿ ಗಾರ್ಡ್ ಅಂತ ಬರೆದಿದ್ದರೂ ಫಾರ್ವರ್ಡ್ ಲೆಕ್ಕಕ್ಕೆ ಸೇರಿಸಬೇಕಾದ ಇನ್ನೊಬ್ಬರಿದ್ದರು, ಬಾಬಿ ವಿಲ್ಕರ್ಸನ್. ಅವರ ಎತ್ತರವೂ ಹತ್ತಿರಹತ್ತಿರ ಮೇ ಅವರಷ್ಟೇ. ಆ ಕಾಲಕ್ಕೆ ಗಾರ್ಡ್ ಜಾಗದಲ್ಲಿ ಅಷ್ಟು ಎತ್ತರದವರು ಅಪರೂಪ. ಇವರಿಂದಾಗಿ ಇಂಡಿಯಾನಾ ಮೈದಾನಕ್ಕೆ ಇಳಿದರೆ ಮೂವರು ಫಾರ್ವರ್ಡ್‌ಗಳು ಇಳಿದಂತೆಯೇ ಇತ್ತು.

ನವೆಂಬರ್ 29, 1975. ಸೇಂಟ್ ಲೂಯಿಸ್‌ನಲ್ಲಿ ಮೊದಲ ಪಂದ್ಯ. ಎದುರಾಳಿ ಯುಸಿಎಲ್‌ಎ, ಹಿಂದಿನ ವರ್ಷದ ಚಾಂಪಿಯನ್. ಕೋಚ್ ಜಾನ್ ವುಡನ್ ತಮ್ಮ ಹತ್ತನೇ ಪ್ರಶಸ್ತಿ ಗೆದ್ದು ನಿವೃತ್ತರಾಗಿದ್ದರು. ಇಂಡಿಯಾನಾ 84, ಯುಸಿಎಲ್‌ಎ 64. ಮೇ ಒಬ್ಬರೇ 33. ಕೈಯ ಪ್ರಶ್ನೆಗೆ ಉತ್ತರ ಸಿಕ್ಕಿತು.

ಅಬರ್ನೇಥಿಯ ಪ್ರಶ್ನೆಗೆ ಉತ್ತರ ನಿಧಾನವಾಗಿ ಸಿಕ್ಕಿತು. ಆ ಸೀಸನ್ ಮುಗಿಯುವಾಗ ಮೇ ಅವರ ಸರಾಸರಿ 23.5ಕ್ಕೆ ಏರಿತ್ತು, ಅಬರ್ನೇಥಿಯದು ಸುಮಾರು 10. ಅಂದರೆ ಗ್ರೀನ್ ಬಿಟ್ಟುಹೋದ ಅಂಕಗಳನ್ನು ಅವರ ಜಾಗಕ್ಕೆ ಬಂದವರೊಬ್ಬರೇ ತುಂಬಲಿಲ್ಲ, ದೊಡ್ಡ ಪಾಲನ್ನು ಎದುರು ಬದಿಯ ಫಾರ್ವರ್ಡ್ ಹೊತ್ತರು. ಅಬರ್ನೇಥಿ ಹೊತ್ತಿದ್ದು ಉಳಿದ ಕೆಲಸವನ್ನು. ಸ್ಕ್ರೀನ್ ಕೊಡುವುದು, ಸರಿಯಾದ ಹೊತ್ತಿಗೆ ಚೆಂಡು ದಾಟಿಸುವುದು, ಎದುರಾಳಿಯ ಕಷ್ಟದ ಆಟಗಾರನನ್ನು ಕಾಯುವುದು. ಮೇ ಅವರಿಗೆ ಏಳು ಅಂಕ ಹೆಚ್ಚಾಗಿದ್ದರಲ್ಲಿ ಅಬರ್ನೇಥಿಯ ಪಾಲು ಎಷ್ಟು ಅಂತ ಯಾವ ಪಟ್ಟಿಯೂ ಹೇಳುವುದಿಲ್ಲ.

ಇದನ್ನು ಸಲೀಸಾದ ಸೀಸನ್ ಅಂದುಕೊಳ್ಳಬೇಡಿ. ನೋಟ್ರ ಡೇಮ್ ವಿರುದ್ಧ 63-60. ಒಹಾಯೊ ಸ್ಟೇಟ್ ವಿರುದ್ಧ 66-64. ಕೆಂಟಕಿ ಮತ್ತು ಮಿಷಿಗನ್ ಎರಡೂ ಪಂದ್ಯಗಳು ಹೆಚ್ಚುವರಿ ಸಮಯಕ್ಕೆ ಹೋದವು. ಹಿಂದಿನ ವರ್ಷದ ಹಾಗೆ ಎಲ್ಲರನ್ನೂ ಇಪ್ಪತ್ತು ಅಂಕದಿಂದ ಹೊಡೆದು ಹಾಕಿದ ತಂಡ ಇದಲ್ಲ. ಆದರೂ ಸೋಲಲಿಲ್ಲ. ಟೂರ್ನಿಯಲ್ಲಿ ಅಲಬಾಮಾವನ್ನು ದಾಟಿದ್ದು ಬರೀ ಐದು ಅಂಕದಿಂದ. ಆಮೇಲೆ ದೇಶದಲ್ಲೇ ಎರಡನೇ ಸ್ಥಾನದಲ್ಲಿದ್ದ ಮಾರ್ಕೆಟ್ ತಂಡವನ್ನು 65-56ರಿಂದ ಸೋಲಿಸಿತು.

ಫಿಲಡೆಲ್ಫಿಯಾದಲ್ಲಿ ಸೆಮಿಫೈನಲ್. ಮತ್ತೆ ಯುಸಿಎಲ್‌ಎ. ಅವರ ದೊಡ್ಡ ಅಸ್ತ್ರ ರಿಚರ್ಡ್ ವಾಷಿಂಗ್ಟನ್, ಹಿಂದಿನ ವರ್ಷದ ಫೈನಲ್ ಫೋರ್‌ನ ಅತ್ಯುತ್ತಮ ಆಟಗಾರ. ಅವರನ್ನು ಕಾಯುವ ಕೆಲಸ ಅಬರ್ನೇಥಿಗೆ ಬಿತ್ತು. ಎತ್ತರದ ಗಾರ್ಡ್ ವಿಲ್ಕರ್ಸನ್ 19 ರೀಬೌಂಡ್ ಹಿಡಿದರು. ಯುಸಿಎಲ್‌ಎ 51ಕ್ಕೆ ನಿಂತಿತು, ಇಂಡಿಯಾನಾ 65.

ಮಾರ್ಚ್ 29, 1976ರ ಫೈನಲ್‌ಗೆ ಎದುರಾಗಿದ್ದು ತಮ್ಮದೇ ಲೀಗಿನ ಮಿಷಿಗನ್. 1975ರವರೆಗೆ ಒಂದು ಲೀಗಿನಿಂದ ಒಂದೇ ತಂಡಕ್ಕೆ ಟೂರ್ನಿಯಲ್ಲಿ ಪ್ರವೇಶ ಇತ್ತು. ಆ ವರ್ಷ ಟೂರ್ನಿಯನ್ನು 32 ತಂಡಗಳಿಗೆ ಹಿಗ್ಗಿಸಿ ನಿಯಮ ಸಡಿಲಿಸಿದ್ದರಿಂದಲೇ ಇಂಥ ಫೈನಲ್ ಸಾಧ್ಯವಾಯಿತು. ಒಂದೇ ಲೀಗಿನ ಎರಡು ತಂಡಗಳು ಫೈನಲ್ ಆಡಿದ್ದು ಅದೇ ಮೊದಲು.

ಪಂದ್ಯ ಶುರುವಾಗಿ ಕೆಲವೇ ನಿಮಿಷ. ವಿಲ್ಕರ್ಸನ್ ತಲೆಗೆ ಪೆಟ್ಟು ಬಿದ್ದು ಆಸ್ಪತ್ರೆಗೆ ಸಾಗಿಸಬೇಕಾಯಿತು. ಒಂದು ವರ್ಷದ ಹಿಂದಿನ ಕಥೆಯೇ ಮತ್ತೆ ಬಂದ ಹಾಗೆ ಆಯಿತು. ಅರ್ಧ ಆಟಕ್ಕೆ ಮಿಷಿಗನ್ 35, ಇಂಡಿಯಾನಾ 29. ನೀವು ಆ ಹೊತ್ತಿನಲ್ಲಿ ಅಲ್ಲಿ ಕೂತಿದ್ದರೆ ಡೇಟನ್ ನೆನಪಾಗದೆ ಇರುತ್ತಿತ್ತೇ?

ಆದರೆ ಈ ಸಲ ತಂಡ ಕುಸಿಯಲಿಲ್ಲ. ಎರಡನೇ ಅರ್ಧದಲ್ಲಿ 57 ಅಂಕ ಹೊಡೆದು 86-68ರಿಂದ ಗೆದ್ದರು. ಮೇ 26, ಬೆನ್ಸನ್ 25, ಗಾರ್ಡ್ ಕ್ವಿನ್ ಬಕ್ನರ್ 16. 32 ಪಂದ್ಯ, 32 ಗೆಲುವು.

ಅಲ್ಲಿಂದೀಚೆಗೆ ಪುರುಷರ ಮೊದಲ ದರ್ಜೆಯ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಇನ್ನೊಂದು ತಂಡಕ್ಕೆ ಇದು ಸಾಧ್ಯವಾಗಿಲ್ಲ. 1991ರಲ್ಲಿ ನೆವಾಡಾ-ಲಾಸ್ ವೇಗಸ್, 2015ರಲ್ಲಿ ಕೆಂಟಕಿ, ಎರಡೂ ಸೆಮಿಫೈನಲ್‌ವರೆಗೆ ಸೋಲದೆ ಬಂದು ಅಲ್ಲಿ ಸೋತವು. 2021ರಲ್ಲಿ ಗೊನ್‌ಜಾಗಾ ಫೈನಲ್‌ವರೆಗೂ ಬಂದು ಸೋತಿತು.

ಈಗ ನನ್ನನ್ನು ಕಾಡುವ ವಿಷಯಕ್ಕೆ ಬರುತ್ತೇನೆ. ಎರಡೂ ವರ್ಷ ಸೇರಿಸಿದರೆ ಈ ಹುಡುಗರ ಲೆಕ್ಕ 63 ಗೆಲುವು, ಒಂದು ಸೋಲು. ಅಂಕಗಳ ಅಂತರ ನೋಡಿದರೆ 1975ರ ತಂಡವೇ ಬಲಶಾಲಿ. ಆದರೆ ಚರಿತ್ರೆ ನೆನಪಿಟ್ಟಿರುವುದು 1976ರದ್ದನ್ನು. ನಡುವೆ ಇರುವುದು ಒಂದು ಮೂಳೆ, ಎರಡು ಅಂಕ. ಬರೀ ಫಲಿತಾಂಶ ನೋಡಿ ಯೋಗ್ಯತೆ ಅಳೆಯುವವರಿಗೆ ಇದಕ್ಕಿಂತ ಒಳ್ಳೆಯ ಎಚ್ಚರಿಕೆ ಬೇಕಿಲ್ಲ.

ಹಾಗಂತ ಎಲ್ಲವೂ ಅದೃಷ್ಟ ಅಂತ ಕೈಚೆಲ್ಲುವುದೂ ಸರಿಯಲ್ಲ. ಮೊದಲ ವರ್ಷ ಒಬ್ಬರು ಬಿದ್ದಾಗ ತಂಡ ಎರಡು ಅಂಕದಿಂದ ಸೋತಿತು. ಎರಡನೇ ವರ್ಷ ಫೈನಲ್‌ನಲ್ಲೇ ಒಬ್ಬರು ಬಿದ್ದರು, ಉಳಿದವರು ಹದಿನೆಂಟು ಅಂಕದಿಂದ ಗೆದ್ದರು. ವಿಲ್ಕರ್ಸನ್ ಬೇರೆ, ಮೇ ಬೇರೆ, ನಿಜ. ಆದರೂ ಒಂದು ಮಾತು ಹೇಳಬಹುದು. ಬೇರೆಯವರ ಕೆಲಸ ಹಗುರ ಮಾಡುವ ಆಟಗಾರರು ಎಷ್ಟು ಹೆಚ್ಚಿದ್ದರೆ, ಒಬ್ಬರು ಬಿದ್ದಾಗ ತಂಡ ಅಷ್ಟು ಚೆನ್ನಾಗಿ ತಡೆದುಕೊಳ್ಳುತ್ತದೆ.

ಸ್ಕಾಟ್ ಮೇ 1976ರ ನೈಸ್ಮಿತ್ ಪ್ರಶಸ್ತಿ ಗೆದ್ದರು. ಅದೇ ಬೇಸಿಗೆಯಲ್ಲಿ ಬಕ್ನರ್ ಜೊತೆ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು. ಎನ್‌ಬಿಎ ಆಯ್ಕೆಯಲ್ಲಿ ಶಿಕಾಗೋ ಅವರನ್ನು ಎರಡನೆಯವರಾಗಿ ಕರೆಯಿತು. ಅಬರ್ನೇಥಿಯನ್ನು ಲಾಸ್ ಏಂಜಲೀಸ್ ಲೇಕರ್ಸ್ ಆರಿಸಿಕೊಂಡಿದ್ದು ಮೂರನೇ ಸುತ್ತಿನಲ್ಲಿ. ಮಾರುಕಟ್ಟೆಗೂ ಅಂಕಗಳೇ ಕಣ್ಣಿಗೆ ಬೀಳುವುದು, ತಪ್ಪೇನಿಲ್ಲ.

ಮುಂದಿನ ಅಕ್ಟೋಬರ್‌ನಲ್ಲಿ ನಿಮ್ಮ ಕಾಲೇಜಿನ, ಅಥವಾ ನಿಮ್ಮ ಮಗಳ ಕಾಲೇಜಿನ ಫಾರ್ವರ್ಡ್‌ಗಳ ಮುನ್ನೋಟ ಕೈಗೆ ಬಂದಾಗ ಮೊದಲ ಹೆಸರನ್ನು ಓದಿ ನಿಲ್ಲಿಸಬೇಡಿ. ಎಷ್ಟು ಅಂಕ ಹೊರಟುಹೋಯಿತು ಅನ್ನುವುದರ ಜೊತೆಗೆ ಯಾವ ಕೆಲಸ ಖಾಲಿಯಾಯಿತು ಅಂತಲೂ ಕೇಳಿ. ಆಮೇಲೆ ಪಟ್ಟಿಯಲ್ಲಿ ಕೆಳಗೆ ಇಳಿದು, ಕಳೆದ ವರ್ಷ ಬೆಂಚಿನಲ್ಲಿದ್ದ, ಒಂದಂಕಿ ಸರಾಸರಿಯ, ಕೊನೆಯ ವರ್ಷದ ಆ ಹುಡುಗ ಯಾರು ಅಂತ ಒಮ್ಮೆ ನೋಡಿ.